ಮೊಳಕಾಲ್ಮೂರಿನಲ್ಲಿ ಅಳಿಸಿಹೋದ ಅಂಚುಗಳು

ಹೋದ ಮಾಘದಲ್ಲಿ ಅಣ್ಣನ ಮಗಳ ಮದುವೆ ಸೀರೆಗೆಂದು ಅವಳನ್ನೂ ಕರೆದುಕೊಂಡು ಮೊಳಕಾಲ್ಮೂರಿಗೆ ಹೋಗಿದ್ದೆ. ಬಸ್ಸಿಳಿದು ನೇಕಾರರ ಓಣಿಗೆ ತಿರುಗುತ್ತಿದ್ದಂತೆ ಯಾವುದೋ ಹಿತ್ತಿಲಿನಿಂದ ಹಸಿ ರೇಷ್ಮೆಯನ್ನು ಸೋಪು ಸೋಡಾ ಹಾಕಿ ಬೇಯಿಸುವ ವಾಸನೆ ಬಂತು. ಒಳ್ಳೆಯ ವಾಸನೆಯೇನಲ್ಲ ಅದು. ಹುಳದ ಅಂಟು ಕರಗುವ, ಸ್ವಲ್ಪ ಹಳಸಿದ ಅನ್ನದಂಥ ವಾಸನೆ. ನನ್ನ ಕಾಲುಗಳು ಅಲ್ಲೇ ನಿಂತವು.

"ಯಾಕತ್ತೆ, ತಲೆ ಸುತ್ತುತ್ತಾ?" ಎಂದಳು ಹುಡುಗಿ.

ಇಲ್ಲವೆಂದೆ. ಅವಳಿಗೆ ಹೇಳುವುದಾದರೂ ಹೇಗೆ? ಇದೇ ಓಣಿಯಲ್ಲಿ ಒಂದು ಬೇಸಿಗೆಯಿಡೀ ನಾನು ಈ ವಾಸನೆಯೊಳಗೇ ಉಸಿರಾಡಿಕೊಂಡು, ಈ ಬಾಗಿಲಿಂದ ಆ ಬಾಗಿಲಿಗೆ ಹುಚ್ಚಿಯಂತೆ ತಿರುಗಿದ್ದೆ.

ಆಗ ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಮ್ಮದು ಚಳ್ಳಕೆರೆ ಪಕ್ಕದ ಹಟ್ಟಿ. ಅಪ್ಪ ಕುರಿ ಕಾಯುತ್ತಿದ್ದ. ನಾನು ಹೇಗೋ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ ಚಳ್ಳಕೆರೆಯ ಒಂದು ತರಬೇತಿ ಅಂಗಡಿಯಲ್ಲಿ ಮಕ್ಕಳಿಗೆ ಕೀಲಿಮಣೆ ಒತ್ತುವುದನ್ನು ಕಲಿಸಿಕೊಂಡಿದ್ದೆ. ಮೊಳಕಾಲ್ಮೂರಿನ ನೇಕಾರರ ಸಂಘವೊಂದು ಸೀರೆ ಅಂಚುಗಳ ವಿನ್ಯಾಸ ಕೇಂದ್ರ ತೆರೆಯುತ್ತಿದೆ, ಕಂಪ್ಯೂಟರ್ ಬಲ್ಲವರು ಬೇಕಂತೆ ಎಂದು ಯಾರೋ ಹೇಳಿದರು. ಹೋದೆ. ಅಲ್ಲೇ ಓಣಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದೆ.

"ನೇಕಾರ್ರ ಊರಿಗೆ ಕುರುಬರ ಹುಡುಗಿ ಏನ್ ಮಾಡಾಕ್ ಹೋಗ್ತೀಯಾ?" ಎಂದು ಅವ್ವ ಕೇಳಿದ್ದಳು. ನನಗೂ ಗೊತ್ತಿರಲಿಲ್ಲ.

ಕೇಂದ್ರವೆಂದರೆ ಒಂದು ಉದ್ದನೆಯ ಶೀಟಿನ ಕೋಣೆ. ಗೋಡೆಗೆ ಒರಗಿ ಕಂಪ್ಯೂಟರುಗಳು, ಮೂಲೆಯಲ್ಲಿ ಅಟ್ಟೆ ಹೊಡೆಯುವ ಯಂತ್ರ, ಹಿಂದಿನ ಸಣ್ಣ ಕೋಣೆಯಲ್ಲಿ ಸರ್ವರ್. ಅಟ್ಟೆ ಎಂದರೆ ಉದ್ದನೆಯ ದಪ್ಪ ರಟ್ಟಿನ ಪಟ್ಟಿ, ಅದರ ತುಂಬ ತೂತು. ಆ ಪಟ್ಟಿಗಳನ್ನು ಹೊಲಿದು ಸರಮಾಡಿ ಮಗ್ಗದ ಮೇಲಿನ ಜಕಾರ್ಡ್ ಪೆಟ್ಟಿಗೆಗೆ ತೂಗುಹಾಕುತ್ತಾರೆ. ತೂತು ಇದ್ದಲ್ಲಿ ದಾರ ಏಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ಹಾಗೆ ಒಂದೊಂದು ಅಟ್ಟೆಗೆ ಒಂದೊಂದು ಗೆರೆಯಂತೆ ಅಂಚಿನ ಮೇಲೆ ಮಾವು, ನವಿಲು, ರುದ್ರಾಕ್ಷಿ ಮೂಡುತ್ತವೆ.

ಅಂಚು ಬರೆಯುವವಳು ದೇವಮ್ಮ. ಐವತ್ತು ದಾಟಿದ ನೇಕಾರರ ಹೆಂಗಸು, ಗಂಡ ತೀರಿಕೊಂಡಿದ್ದ, ಕೇಂದ್ರದ ಎದುರು ಮನೆಯೇ ಅವಳದು. ನಾನು ದೊಡ್ಡಮ್ಮ ಎನ್ನುತ್ತಿದ್ದೆ. ಅವಳು ಮನೆಮನೆಗೆ ಹೋಗಿ ಹಳೆಯ ಸೀರೆಗಳನ್ನು ಕೇಳಿ ತರುವಳು, ಭೂತಗನ್ನಡಿ ಹಿಡಿದು ಎಳೆ ಎಣಿಸುವಳು, ಪರದೆಯ ಮೇಲೆ ಚೌಕಕ್ಕೆ ಚೌಕ ತುಂಬುವಳು. ಮೊದಮೊದಲು ಮೌಸನ್ನು ಹಿಡಿಯಲಾಗದೆ ಅದನ್ನು ಲಾಳಿ ಎಸೆದಂತೆ ಎಸೆಯುತ್ತಿದ್ದಳು. ಆರು ತಿಂಗಳಲ್ಲಿ ನನಗಿಂತ ಚುರುಕಾದಳು. ಕಾಗದದ ಮೇಲೆ ಬರೆದುಕೊಳ್ಳುವುದನ್ನೇ ಬಿಟ್ಟಳು.

ಅಟ್ಟೆ ಯಂತ್ರ ನೋಡಿಕೊಳ್ಳುವವನು ರಾಮಾಂಜನೇಯುಲು. ಎಲ್ಲರಿಗೂ ರಾಮಾಂಜಿ. ಗುಂಡಿಮಗ್ಗದಲ್ಲಿ ಕೂತು ಕೂತು ಮಂಡಿ ಹೋಗಿತ್ತು. ಮಗ್ಗದ ಗುಂಡಿಗೆ ಇಳಿಯಲಾರ, ಇಳಿದರೆ ಹತ್ತಲಾರ. ಮಗ್ಗ ಬಿಟ್ಟ ನೇಕಾರನೆಂದು ಓಣಿಯಲ್ಲಿ ತಲೆ ತಗ್ಗಿಸಿ ಓಡಾಡುತ್ತಿದ್ದವನು ಈ ಕೆಲಸ ಸಿಕ್ಕಮೇಲೆ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬರುತ್ತಿದ್ದ. ಅವನ ಹೆಂಡತಿ ಸುಬ್ಬಮ್ಮ ಮಧ್ಯಾಹ್ನ ಮುದ್ದೆ ಹಿಡಿದು ತಂದು, ಅವನು ಯಂತ್ರದ ಮುಂದೆ ಕೂತಿರುವುದನ್ನು ಬಾಗಿಲಲ್ಲೇ ಒಂದು ಗಳಿಗೆ ನಿಂತು ನೋಡಿ ಆಮೇಲೆ ಒಳಗೆ ಬರುತ್ತಿದ್ದಳು.

ಈ ಇಬ್ಬರ ಕಂಪ್ಯೂಟರನ್ನೂ ನನ್ನದನ್ನೂ ಸರ್ವರಿಗೆ ತಂತಿಯಿಂದ ಕಟ್ಟಿದ್ದರು. ಅಂಚುಗಳೆಲ್ಲ ಇರುತ್ತಿದ್ದುದು ಸರ್ವರಿನ ಒಂದೇ ಫೋಲ್ಡರಿನಲ್ಲಿ. ಅದಕ್ಕೆ 'ವಿನ್ಯಾಸ' ಎಂದು ಹೆಸರು. ಆ ಫೋಲ್ಡರನ್ನೇ ಮೂರೂ ಯಂತ್ರಗಳಿಗೆ ಹಂಚಿದ್ದರಿಂದ ಪ್ರತಿಯೊಂದರ ಪರದೆಯ ಮೇಲೂ ಅದು ಅಲ್ಲಿಯದೇ ಎಂಬಂತೆ ಕಾಣಿಸುತ್ತಿತ್ತು. ದೇವಮ್ಮ ತನ್ನ ಯಂತ್ರದಲ್ಲಿ ನವಿಲಿಗೆ ಒಂದು ಗರಿ ಸೇರಿಸಿದರೆ ರಾಮಾಂಜಿಯ ಯಂತ್ರದಲ್ಲೂ ಗರಿ ಬಂದಿರುತ್ತಿತ್ತು. ಮೊದಲ ದಿನ ಅವಳು ಬೆರಗಾಗಿ, "ಇಲ್ಲಿಂದ ಅಲ್ಲಿಗೆ ಯಾರ್ ಹೊತ್ಕಂಡ್ ಹೋದ್ರು?" ಎಂದಿದ್ದಳು.

"ಯಾರೂ ಹೊರಲಿಲ್ಲ ದೊಡ್ಡಮ್ಮ. ಪೆಟ್ಟಿಗೆ ಒಂದೇ ಐತೆ, ಒಳಕೋಣೇಲಿ. ನಾವು ಮೂರು ಕಡೆಯಿಂದ ಅದನ್ನೇ ತೆಗೆದು ನೋಡ್ತೀವಿ ಅಷ್ಟೆ."

ಅವಳಿಗೆ ಅರ್ಥವಾಯಿತು. ರಾಮಾಂಜಿಯೂ ತಲೆಯಾಡಿಸಿದ. ಆದರೆ ಕಣ್ಣೆದುರು ತನ್ನ ಪರದೆಯಲ್ಲಿ ಇರುವುದು ತನ್ನಲ್ಲಿ ಇಲ್ಲ ಎಂದು ನಂಬುವುದು ತಲೆಯಾಡಿಸಿದಷ್ಟು ಸುಲಭವಲ್ಲ.

ಇದನ್ನೆಲ್ಲ ಜೋಡಿಸಿದ್ದು ಗುತ್ತಿಗೆ ಹಿಡಿದ ಒಬ್ಬ ಎಂಜಿನಿಯರ್. ಯಾರು ಬೇಕಾದರೂ ತೆಗೆಯಬಹುದು, ಬರೆಯಬಹುದು, ಅಳಿಸಬಹುದು ಎಂದು ಫೋಲ್ಡರನ್ನು ಪೂರ್ತಿ ತೆರೆದಿಟ್ಟು ಹೋಗಿದ್ದ. ಹಾಗಾದರೆ ಪದೇಪದೇ ಫೋನ್ ಬರುವುದಿಲ್ಲವೆಂದು ಅವನ ಲೆಕ್ಕ. ಅಟ್ಟೆ ಹೊಡೆಯುವವನಿಗೆ ಓದುವ ಅನುಮತಿ ಸಾಕು ಎಂದು ನಾನು ಹೇಳಿದ್ದೆ. ಪ್ರತಿ ಇಟ್ಟುಕೊಳ್ಳಲು ಸಿ.ಡಿ. ಬರೆಯುವ ಸಾಧನ ಬೇಕೆಂದೂ ಕೇಳಿದ್ದೆ. ಬರುತ್ತದೆ, ಬರುತ್ತದೆ ಎಂದರು ಸಂಘದವರು. ಸರ್ವರಿನ ಗುಪ್ತಪದ ಎಂಜಿನಿಯರ್ ಹತ್ತಿರವೇ ಇತ್ತು.

ಆ ಬೇಸಿಗೆಗೆ ಮುಂಚೆ, ಯಂತ್ರಗಳನ್ನು ಕೊಟ್ಟಿದ್ದ ಕೈಮಗ್ಗ ಇಲಾಖೆಯಿಂದ ಕೇಂದ್ರಕ್ಕೆ ಮೊದಲ ದೊಡ್ಡ ಅವಕಾಶ ಬಂದಿತ್ತು. ಹಳೆಯ ಅಂಚುಗಳ ಮಾದರಿ ಸೀರೆಗಳನ್ನು ಮಳೆಗಾಲ ಹಿಡಿಯುವುದರೊಳಗೆ ನೇಯ್ದು ತೋರಿಸಬೇಕು. ಒಪ್ಪಿಗೆಯಾದರೆ ಓಣಿಗೆ ವರ್ಷವಿಡೀ ಕೆಲಸ. ಆಗದಿದ್ದರೆ ಯಂತ್ರಗಳನ್ನೆಲ್ಲ ಬೇರೆ ಊರಿಗೆ ಸಾಗಿಸುತ್ತಾರೆ. ಸಂಘದ ಕಾರ್ಯದರ್ಶಿ ತಿಪ್ಪೇಸ್ವಾಮಿ ಮನೆಮನೆಗೆ ಹೋಗಿ, ಪವರ್‌ಲೂಮಿಗೆ ಕೂಲಿ ಹೋಗುತ್ತಿದ್ದವರನ್ನು ಬಿಡಿಸಿ, ಮತ್ತೆ ಮಗ್ಗಕ್ಕೆ ಉದ್ದೆಳೆಯ ಹಾಸು ಹೂಡಿಸಿದ್ದರು. "ನನ್ ಮಾತ್ ನಂಬ್ರಿ" ಎಂದು ಒಬ್ಬೊಬ್ಬರ ಕೈ ಹಿಡಿದು ಹೇಳಿದ್ದನ್ನು ನಾನೇ ಕಂಡಿದ್ದೆ.

ಎಲ್ಲ ಅಂಚುಗಳಿಗಿಂತ ದೇವಮ್ಮನಿಗೆ ಹೆಚ್ಚು ಒಂದು ಹಂಸ. ಅವಳ ಅವ್ವನ ಧಾರೆ ಸೀರೆಯದು. ಸಾಲುಸಾಲು ಹಂಸ, ಕೊಕ್ಕಿನಲ್ಲಿ ಒಂದೊಂದು ಮೊಗ್ಗು. ಕಣ್ಣಿನ ಜಾಗದಲ್ಲಿ ಒಂದೇ ಒಂದು ಎಳೆ ಬಿಟ್ಟಿದ್ದರು. ಆ ಒಂದು ಎಳೆಯಿಂದ ಹಕ್ಕಿ ನಮ್ಮನ್ನೇ ನೋಡುತ್ತಿದೆ ಎನಿಸುತ್ತಿತ್ತು. ಅದನ್ನು ಬರೆದು ಮುಗಿಸಲು ಅವಳಿಗೆ ಒಂದು ಚಳಿಗಾಲವೇ ಹಿಡಿಯಿತು. ಸಂಕ್ರಾಂತಿಗೆ ನಾನು ಹಟ್ಟಿಗೆ ಹೋಗಿ ಬರುವಷ್ಟರಲ್ಲಿ, ಹಳೆ ಜರಿ ಸೀರೆ ಕೊಳ್ಳುವವನು ಓಣಿಗೆ ಬಂದಿದ್ದನಂತೆ. ಅವರು ಸೀರೆಯನ್ನು ಸುಟ್ಟು ಬೆಳ್ಳಿ ತೆಗೆಯುತ್ತಾರೆ. ದೇವಮ್ಮ ಅವ್ವನ ಸೀರೆಯನ್ನು ಕೊಟ್ಟುಬಿಟ್ಟಿದ್ದಳು.

"ಅಯ್ಯೋ ದೊಡ್ಡಮ್ಮ!" ಎಂದೆ.

"ಮಡಿಕೆಯೆಲ್ಲ ಹರಿದು ಹೋಗಿತ್ತಮ್ಮ. ಮುಟ್ಟಿದ್ರೆ ಪುಡಿ. ಹಂಸ ಒಳಗೈತಲ್ಲ, ಇನ್ನ ಬಟ್ಟೆ ಇಟ್ಕಂಡ್ ಏನ್ ಮಾಡ್ಲಿ?"

ಆ ಬಿಸಿಲುಗಾಲದ ಒಂದು ಮಧ್ಯಾಹ್ನ ಕರೆಂಟು ಬಂದ ತಕ್ಷಣ ಎಲ್ಲರೂ ಕೆಲಸಕ್ಕೆ ಕೂತೆವು. ಶೀಟು ಕಾದು ಟಪ್ ಟಪ್ ಎನ್ನುತ್ತಿತ್ತು. ರಾಮಾಂಜಿಯ ಯಂತ್ರ ಅಟ್ಟೆ ಹೊಡೆಯಲಿಲ್ಲ. ಜಾಗ ತುಂಬಿದೆ ಎಂದು ಪರದೆ ತೋರಿಸಿತು. ನಾನು ಒಳಕೋಣೆಯಲ್ಲಿ ಬಿಸಿಯಾದ ಸರ್ವರಿಗೆ ಟೇಬಲ್ ಫ್ಯಾನ್ ತಿರುಗಿಸಿಡುತ್ತಿದ್ದೆ. ಅವನು ನನ್ನನ್ನು ಕರೆಯದೆ ಎಂಜಿನಿಯರಿಗೆ ಫೋನ್ ಮಾಡಿದ. ಆ ಕಡೆಯಿಂದ ಅವನು ಏನು ಹೇಳಿದನೋ, ರಾಮಾಂಜಿ "ಸರಿ ಸರ್, ನಮ್ ಮಿಷಿನ್ನಾಗೆ ಇರೋದನ್ನ ತೆಗೀತೀನಿ ಸರ್" ಎಂದದ್ದಷ್ಟು ನನಗೆ ಕೇಳಿಸಿತು.

ಅವನ ಪರದೆಯಲ್ಲಿ ಕಂಡ ಎಲ್ಲಕ್ಕಿಂತ ದೊಡ್ಡ ಫೋಲ್ಡರ್ 'ವಿನ್ಯಾಸ'. ದೇವಮ್ಮನ ಯಂತ್ರದಲ್ಲಿ ಒಂದು ಇದ್ದೇ ಇದೆ, ನನ್ನದರಲ್ಲೂ ಇದೆ, ತನ್ನಲ್ಲಿರುವುದನ್ನು ತೆಗೆದರೆ ಯಂತ್ರ ಓಡುತ್ತದೆ ಎಂದುಕೊಂಡ. ಅಳಿಸಲೇ ಎಂದು ಅದು ಇಂಗ್ಲಿಷಿನಲ್ಲಿ ಕೇಳಿತು. ಹೂಂ ಎಂದು ಒತ್ತಿದ.

ಸ್ವಲ್ಪ ಹೊತ್ತಿಗೆ ಆಚೆ ತುದಿಯಿಂದ ದೇವಮ್ಮ ಕೂಗಿದಳು. "ಸುಜಾತಾ! ಬಾರಮ್ಮ ಇಲ್ಲಿ. ನನ್ನ ನವಿಲು ಎಲ್ಲೋ ಹೋತು."

ಬಂದು ನೋಡಿದೆ. ಫೋಲ್ಡರಿನೊಳಗೆ ಹೆಸರುಗಳು ಒಂದೊಂದಾಗಿ ಮಾಯವಾಗುತ್ತಿದ್ದವು. ನನ್ನ ಕಣ್ಣೆದುರೇ ಮಾವು ಹೋಯಿತು, ರುದ್ರಾಕ್ಷಿ ಹೋಯಿತು. ಓಡಿಹೋಗಿ ಸರ್ವರಿನ ವಯರು ಕಿತ್ತೆ.

ತಿರುಗಿ ಬಂದರೆ ಫೋಲ್ಡರಿನಲ್ಲಿ ಒಂದು ಹೆಸರೂ ಉಳಿದಿರಲಿಲ್ಲ, ಮೂರೂ ಪರದೆಗಳು ಹಾಗೇ ಕಲ್ಲಾಗಿ ನಿಂತಿದ್ದವು. ಕೀಲಿ ಒತ್ತಿದರೂ ಅಲ್ಲಾಡವು. ಕೆಳಗೆ ಒಂದು ಸಾಲು ಮತ್ತೆ ಮತ್ತೆ ಮೂಡುತ್ತಿತ್ತು.

"ಏನಂತ ಬರೀತೈತೆ ಅದು?" ದೇವಮ್ಮ ಕೇಳಿದಳು.

"ಸರ್ವರಿಂದ ಉತ್ತರ ಬರ್ತಿಲ್ಲ, ಇನ್ನೂ ಕೇಳ್ತಾ ಇದೀನಿ ಅಂತ ದೊಡ್ಡಮ್ಮ."

ರಾಮಾಂಜಿ ಎದ್ದು ನಿಂತಿದ್ದ. "ನಾನು ನಂದಷ್ಟೇ ತೆಗೆದಿದ್ದು ಸುಜಾತಮ್ಮ. ದೇವಮ್ಮಂದು ಮುಟ್ಟಿಲ್ಲ. ದೇವ್ರಾಣೆ ಮುಟ್ಟಿಲ್ಲ" ಎಂದ. ನಾನು ದೇವಮ್ಮನ ಪರದೆಯ ಕಡೆ ಕೈ ತೋರಿಸಿದೆ. ಅಲ್ಲೂ ಖಾಲಿ ಕಂಡಮೇಲೆ ಅವನಿಗೆ ಎಲ್ಲ ಗೊತ್ತಾಯಿತು. ಮೆಲ್ಲಗೆ ಕೂತ.

ಹಂಚಿದ ಫೋಲ್ಡರಿನಿಂದ ಹಾಗೆ ಅಳಿಸಿದ್ದು ಕಂಪ್ಯೂಟರಿನ ಕಸದ ಬುಟ್ಟಿಗೂ ಹೋಗುವುದಿಲ್ಲ. ಮಾರನೆಯ ದಿನ ಸರ್ವರಿನ ಡಿಸ್ಕನ್ನು ಬಿಚ್ಚಿ, ಟವೆಲಿನಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ದಾವಣಗೆರೆಗೆ ಬಸ್ಸು ಹತ್ತಿದೆ. ಬಸ್ಸು ಗುಂಡಿಗೆ ಬಿದ್ದಾಗಲೆಲ್ಲ ಎರಡೂ ಕೈಯಿಂದ ಎತ್ತಿ ಹಿಡಿಯುತ್ತಿದ್ದೆ. ಪಕ್ಕದಲ್ಲಿ ಕೂತ ಮುದುಕಿ, "ಏನವ್ವ, ಕೂಸಿಗೆ ಹುಷಾರಿಲ್ವಾ?" ಎಂದು ಬಗ್ಗಿ ನೋಡಿ ಕಿಟಕಿ ಕಡೆ ತಿರುಗಿದಳು. ರಿಪೇರಿ ಅಂಗಡಿಯವನು ಅದನ್ನು ಸಂಜೆವರೆಗೂ ಇಟ್ಟುಕೊಂಡ. ಕೊನೆಗೆ ಅಲ್ಲೊಂದು ಇಲ್ಲೊಂದು ಚೂರು ತೋರಿಸಿದ. ನವಿಲಿನ ಕಾಲು, ಗೋಪುರದ ಅರ್ಧ, ಉಳಿದಂತೆ ಮಣ್ಣು ಚೆಲ್ಲಿದಂಥ ಚುಕ್ಕಿಗಳು. "ಇಷ್ಟೇ ಮೇಡಂ" ಎಂದ. ಹಂಸ ಇರಲಿಲ್ಲ.

ನಾನು ವಾಪಸು ಬಂದಾಗ ಕೇಂದ್ರದ ಮುಂದೆ ಅರ್ಧ ಓಣಿ ಸೇರಿತ್ತು. ತಿಪ್ಪೇಸ್ವಾಮಿಯವರು ನನ್ನ ಮುಖ ನೋಡಿದರು. ಆಮೇಲೆ ತಿರುಗಿ, ಗೋಡೆ ಹಿಡಿದು ನಿಂತಿದ್ದ ರಾಮಾಂಜಿಯ ಮೇಲೆ ಹರಿಹಾಯ್ದರು.

"ಲೇ, ಊರ ಬಾಯಿಗೆ ಮಣ್ಣು ಹಾಕಿದೆಯಲ್ಲೋ! ಕಾಲು ಹೋದೋನು ಅಂತ ಕನಿಕರಪಟ್ಟು ಕೂರಿಸಿದ್ದಕ್ಕೆ ಇದೇನೋ? ಇವರ ಮನೇಲೆಲ್ಲ ಹಾಸು ಹೂಡಿಸಿದೀನಿ. ನಾಳೆ ಯಾವ ಮುಖ ಹೊತ್ತು ಇವರ ಬಾಗ್ಲಿಗೆ ಹೋಗ್ಲಿ?"

"ಸರ್, ಅವರಿಗೆ ಹೇಳಿಕೊಟ್ಟೋರು ಫೋನ್‌ನಾಗೆ..." ಎಂದೆ ನಾನು.

"ನೀ ಸುಮ್ನಿರಮ್ಮ!" ಎಂದವರ ದನಿ ಒಡೆಯಿತು. ಆ ಮನುಷ್ಯ ಅಳುತ್ತಿದ್ದರು. ರಾಮಾಂಜಿ ಎಲ್ಲರ ನಡುವೆ ದಾರಿ ಮಾಡಿಕೊಂಡು, ಕಾಲೆಳೆಯುತ್ತ ಮನೆ ಕಡೆ ಹೋದ. ಯಾರೂ ತಡೆಯಲಿಲ್ಲ.

ಬೆಳಗಾಗುವಾಗ ಅವನು ಮನೆಯಲ್ಲಿರಲಿಲ್ಲ.

ಸುಬ್ಬಮ್ಮ ನನ್ನ ಕೋಣೆಯ ಬಾಗಿಲಿಗೆ ಬಂದಳು. ಕೂದಲು ಕಟ್ಟಿರಲಿಲ್ಲ. "ಇಲ್ಲಿಗೇನಾರ ಬಂದಿದ್ರಾ? ನೀರಿಗೆ ಹೋಗಿ ಬರೋಷ್ಟ್ರಾಗೆ ಎದ್ದು ಹೋಗಿದಾರೆ. ಚಾ ಲೋಟ ಹಂಗೇ ಐತೆ." ಇಬ್ಬರೂ ಬಸ್‌ಸ್ಟ್ಯಾಂಡಿಗೆ ಓಡಿದೆವು. ಕಾಲೆಳೆಯುವ ಗಂಡಸನ್ನು ಕಂಡವರಿರಲಿಲ್ಲ. ರಾಂಪುರದಲ್ಲಿ ಅವನ ಅಕ್ಕನ ಮನೆಯಿತ್ತು, ಅಲ್ಲಿಗೆ ಹೋದೆವು. ಅಕ್ಕ ಬಾಗಿಲಲ್ಲೇ ಎದೆ ಬಡಿದುಕೊಂಡಳು. "ಮಾ ತಮ್ಮುಡು ಎಕ್ಕಡಿಕಿ ಪೋಯಾಡಮ್ಮಾ?" ನನ್ನ ತಮ್ಮ ಎಲ್ಲಿಗೆ ಹೋದನೆಂದು ನಮ್ಮನ್ನೇ ಕೇಳಿದಳು. ಬಳ್ಳಾರಿ ಕಡೆ ಹೋಗುವ ಲಾರಿಯವರನ್ನೆಲ್ಲ ನಿಲ್ಲಿಸಿ ವಿಚಾರಿಸಿದೆವು. ಬಿಸಿಲು ಎಷ್ಟಿತ್ತೆಂದರೆ ರಸ್ತೆ ದೂರದಲ್ಲಿ ನೀರಿನಂತೆ ಅಲುಗುತ್ತಿತ್ತು. ಆ ನೀರಿನೊಳಗಿಂದ ಯಾರಾದರೂ ಒಬ್ಬರು ನಡೆದು ಬಂದರೆ ಸುಬ್ಬಮ್ಮ ನನ್ನ ತೋಳು ಹಿಡಿಯುವಳು, ಹತ್ತಿರವಾದ ಮೇಲೆ ಬಿಡುವಳು.

ಕೆಲವು ದಿನಗಳಾದ ಮೇಲೆ ಊರಾಚೆಯ ಹೊಲದ ಬಾವಿಯ ಕಟ್ಟೆಯ ಮೇಲೆ ಒಂದು ಜೊತೆ ಚಪ್ಪಲಿ ಇದೆ ಎಂದು ಸುದ್ದಿ ಬಂತು. ನಾವು ಹೋಗುವಷ್ಟರಲ್ಲಿ ಬಿದ್ದ ಕೊಡ ತೆಗೆಯುವ ಪಾತಾಳಗರಡಿಯನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟಿದ್ದರು. ಅದರ ಕೊಕ್ಕೆಗಳು ಕಲ್ಲಿಗೆ ತಾಗುವ ಸದ್ದು ಕೆಳಗಿನಿಂದ ಬರುತ್ತಿತ್ತು. ಸುಬ್ಬಮ್ಮ ಚಪ್ಪಲಿಯನ್ನು ಮುಟ್ಟಲಿಲ್ಲ. ದೂರದಿಂದಲೇ, "ಅವರವಲ್ಲ. ಅವರವಲ್ಲ. ಅವರದು ಉಂಗುಷ್ಠ ಕಿತ್ತೈತೆ, ನಾನೇ ಹೊಲಿಸಿದ್ದೆ" ಎನ್ನುತ್ತಿದ್ದಳು. ಒಂದು ಸಲ ಗರಡಿಗೆ ಏನೋ ಭಾರವಾಗಿ ಸಿಕ್ಕಿತು. ಹಗ್ಗ ಎಳೆಯುವವರು ಕಾಲು ಊರಿ ನಿಂತರು. ಸುಬ್ಬಮ್ಮ ನೆಲಕ್ಕೆ ಕೂತು ಎರಡೂ ಕೈಯಿಂದ ಮಣ್ಣು ಹಿಡಿದಳು. ನಾನು ಅವಳ ತಲೆಯನ್ನು ನನ್ನ ಹೊಟ್ಟೆಗೆ ಒತ್ತಿ ಹಿಡಿದುಕೊಂಡು, ಬಾವಿ ಕಡೆ ನೋಡದೆ ಆಕಾಶ ನೋಡುತ್ತ ನಿಂತೆ. ಮೇಲೆ ಬಂದದ್ದು ಜಾಲಿಯ ಕೊರಡು. ಚಪ್ಪಲಿಯ ಒಡೆಯ, ಪಕ್ಕದ ಹೊಲದವನು, ಆಮೇಲೆ ಬಂದು ಬೈಸಿಕೊಂಡ.

ಆ ದಿನ ಬಾವಿಯಿಂದ ವಾಪಸು ಬರುತ್ತ ಸುಬ್ಬಮ್ಮನಿಗೆ ನೀರು ಕೊಡಿಸಲೆಂದು ದಾರಿಯ ಒಂದು ನೇಕಾರರ ಮನೆಗೆ ನುಗ್ಗಿದೆ. ಅವಳು ಚೊಂಬಿಗೆ ಬಾಯಿಟ್ಟು ಕುಡಿಯುತ್ತಿದ್ದಾಗ ನನ್ನ ಕಣ್ಣು ಮಗ್ಗದ ಮೇಲೆ ಹೋಯಿತು. ಜಕಾರ್ಡಿನಿಂದ ಅಟ್ಟೆಗಳ ಸರ ಜೋತುಬಿದ್ದಿತ್ತು, ಹಿಂದಿನ ಕಿಟಕಿಯ ಬಿಸಿಲು ತೂತುಗಳಿಂದ ತೂರಿ ಗೋಡೆಯ ಮೇಲೆ ಚುಕ್ಕಿ ಇಟ್ಟಿತ್ತು. ಈ ಅಟ್ಟೆಗಳನ್ನು ಹೊಡೆದಿದ್ದು ನಮ್ಮ ಯಂತ್ರ. ತೂತು ಇದ್ದಲ್ಲಿ ಚೌಕ ತುಂಬಬೇಕು, ಇಲ್ಲದಲ್ಲಿ ಬಿಡಬೇಕು. ಫೋಲ್ಡರಿನಲ್ಲಿ ಇದ್ದದ್ದನ್ನು ಇದರಿಂದ ಹಿಂದಕ್ಕೆ ಓದಿಕೊಳ್ಳಬಹುದಲ್ಲ!

ದೇವಮ್ಮನ ಮನೆಗೆ ಓಡಿದೆ. ಅವಳು ಆ ದಿನದಿಂದ ಕೇಂದ್ರಕ್ಕೆ ಕಾಲಿಟ್ಟಿರಲಿಲ್ಲ. ಗೋಡೆಗೆ ಮುಖಮಾಡಿ ಮಲಗಿದ್ದಳು. ಹೇಳಿದೆ. ಎದ್ದು ಕೂತಳು.

"ಹಂಸದ್ದು ಹೊಡೆದಿತ್ತಾ?"

"ಇಲ್ಲ ದೊಡ್ಡಮ್ಮ. ಕಣ್ಣು ಇನ್ನೊಂದ್ ಸಲ ತಿದ್ದುತೀನಿ ಅಂತ ನೀನೇ ತಡೆದಿದ್ದೆ."

ಅವಳು ಮತ್ತೆ ಮಲಗಲು ಹೋದಳು. ನಾನು ಅವಳ ಕೈ ಹಿಡಿದೆ. "ಮಿಕ್ಕಿದ್ದಾದ್ರೂ ತರೋಣ. ಬಾ ದೊಡ್ಡಮ್ಮ. ಒಬ್ಳೇ ಮಾಡೋಕಾಗಲ್ಲ ನಂಗೆ." ಆ ಕ್ಷಣದಲ್ಲಿ ನಾನೂ ಅತ್ತೆನೆಂದು ಕಾಣುತ್ತದೆ. ಅವಳು ಎದ್ದು ಸೆರಗು ಸಿಕ್ಕಿಸಿದಳು.

ಮನೆಮನೆ ತಿರುಗಿದೆವು. ಕೆಲವರು ತಾವೇ ಸರ ಬಿಚ್ಚಿಕೊಟ್ಟರು. ಕೆಲವರು, "ಇನ್ನ ಯಾವ ನಂಬಿಕೆ ಮೇಲೆ ಕೊಡ್ಬೇಕು?" ಎಂದು ಒಳಗೆ ಹೋದರು. ಕೆಲಸವಿಲ್ಲದೆ ಹಾಸು ಒಣಗುತ್ತಿದ್ದ ಮಗ್ಗಗಳನ್ನು ಬಿಟ್ಟು ಜನ ಆಗಲೇ ಧರ್ಮಾವರದ ಕಡೆ, ಬೆಂಗಳೂರಿನ ಪವರ್‌ಲೂಮುಗಳ ಕಡೆ ಹೊರಟಿದ್ದರು. ಒಂದು ಮನೆಗೆ ಬೀಗ. ಮುರಿದ ಕಿಟಕಿಯಿಂದ ನೋಡಿದರೆ ಒಳಗೆ ಗೋಪುರದಂಚಿನ ಅಟ್ಟೆಗಳು ಹಾಗೇ ತೂಗುತ್ತಿದ್ದವು. ದೇವಮ್ಮ ಕಂಬಿಯೊಳಗಿಂದ ಕೈ ಚಾಚಿದಳು. ಸಿಗಲಿಲ್ಲ. ಅವಳ ಬೆರಳ ತುದಿಗೂ ಅಟ್ಟೆಗೂ ನಡುವೆ ಒಂದು ಮಾರು ಇತ್ತು. ಆದರೂ ಬಹಳ ಹೊತ್ತು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ನಾನು ಅಟ್ಟೆ ಹಿಡಿದು ತೂತು ಓದುವುದು, ಅವಳು ಚೌಕದ ಕಾಗದದ ಮೇಲೆ ತುಂಬುವುದು. ಕಂಪ್ಯೂಟರ್ ಬೇಡವೆಂದಳು. "ಮೊದ್ಲು ಕಾಗದ. ಆಮೇಲೆ ನಿನ್ ಪೆಟ್ಟಿಗೆ." ಕಣ್ಣು ಉರಿದು ನೀರಿಳಿಯುತ್ತಿತ್ತು. ಸುಬ್ಬಮ್ಮ ಬಂದು ಬಾಗಿಲಲ್ಲಿ ಕೂರುವಳು, ಓಣಿಯ ತುದಿ ನೋಡುವಳು. ನಾವು ಮಾವು ಉಳಿಸಿದೆವು, ರುದ್ರಾಕ್ಷಿ ಉಳಿಸಿದೆವು, ನವಿಲನ್ನು ಅರ್ಧ ಉಳಿಸಿದೆವು. ಯಂತ್ರದ ಬಾಯಿಗೆ ಇನ್ನೂ ಬಂದಿರದ ಅಂಚುಗಳೇ ಹೆಚ್ಚಿದ್ದವು, ಅವೆಲ್ಲ ಹೋದವು. ಅವುಗಳ ಸೀರೆಗಳಲ್ಲಿ ಬಹಳಷ್ಟು ಆಗಲೇ ಜರಿಯವನ ಬೆಂಕಿಗೆ ಹೋಗಿದ್ದವು. ಕಂಪ್ಯೂಟರಿನಲ್ಲಿ ಭದ್ರವಾಗಿದೆ ಎಂಬ ಧೈರ್ಯದ ಮೇಲೆ ಓಣಿಯವರು ದೇವಮ್ಮನಂತೆಯೇ ಮಾಡಿದ್ದರು.

ರಾಮಾಂಜಿಯ ಸುದ್ದಿ ಇಲ್ಲ. ಓಣಿಯ ಹೆಂಗಸರು ಸುಬ್ಬಮ್ಮನ ಹಣೆಯ ಕುಂಕುಮ ನೋಡಿ ಮುಖ ತಿರುಗಿಸಲು ಶುರುಮಾಡಿದ್ದರು. ಅವನಿಗೆ ಬೈದ ದಿನದಿಂದ ತಿಪ್ಪೇಸ್ವಾಮಿಯವರು ಸೊರಗಿಹೋಗಿದ್ದರು. ದಿನಾ ಸಂಜೆ ಸೈಕಲ್ ಹತ್ತಿ ಯಾವುದಾದರೂ ಒಂದು ದಿಕ್ಕಿಗೆ ಹೋಗಿ ಬರುವರು. ಒಂದು ಸಂಜೆ ನನ್ನ ಹತ್ತಿರ ಬಂದು, "ಸುಜಾತಾ, ಅವನು ಸತ್ತಿದ್ರೆ ಕೊಂದೋನು ನಾನೇ ಅಲ್ವೇನಮ್ಮ?" ಎಂದರು. ನೀರು ತಂದುಕೊಟ್ಟೆ.

ರೋಹಿಣಿ ಮಳೆ ಹನಿಯಿಡುವ ಹೊತ್ತಿಗೆ, ಬೆಳಗಿನ ರಾಯದುರ್ಗದ ಬಸ್ಸಿನಿಂದ ಅವನು ಇಳಿದ.

ಗಡ್ಡ ಬೆಳೆದಿತ್ತು, ಅಂಗಿ ಮಣ್ಣಿನ ಬಣ್ಣಕ್ಕೆ ತಿರುಗಿತ್ತು, ಕಂಕುಳಲ್ಲಿ ಒಂದು ಗಂಟು. ಸುಬ್ಬಮ್ಮ ಓಡಿ ಹೋಗಿ ಅವನೆದುರು ನಿಂತಳು. ಅಳಲಿಲ್ಲ. ಎರಡೂ ಮುಷ್ಟಿಯಿಂದ ಅವನ ಎದೆಗೆ ಗುದ್ದಿದಳು, ಮತ್ತೆ ಗುದ್ದಿದಳು. ಅವನು ಗುದ್ದಿಸಿಕೊಂಡು ನಿಂತ. ಆಮೇಲೆ ಅವಳೇ ಅವನ ಕೈ ಹಿಡಿದು ದೇವಮ್ಮನ ಮನೆಗೆ ಕರೆತಂದಳು. ಅವನು ಮೊದಲು ಹೋಗಬೇಕಾದದ್ದು ಅಲ್ಲಿಗೇ ಎಂದು ಅವಳಿಗೆ ತಿಳಿದಿತ್ತು.

ದೇವಮ್ಮನ ಅವ್ವನ ತವರು ರಾಯದುರ್ಗದ ಆಚೆ. ಅಂಥ ಹಂಸದ ಸೀರೆ ಆ ಕಡೆ ಯಾರ ಮನೆಯಲ್ಲಾದರೂ ಉಳಿದಿರಬೇಕೆಂದು ಇವನು ಹಳ್ಳಿಹಳ್ಳಿ ಅಲೆದಿದ್ದ. ಗುರುತಿಲ್ಲದ ಗಂಡಸು ಬಂದು ಹೆಂಗಸರ ಹಳೆ ಸೀರೆ ತೋರಿಸಿ ಎಂದರೆ ಯಾರು ತೋರಿಸುತ್ತಾರೆ? ಒಂದೂರಲ್ಲಿ ಕಳ್ಳನೆಂದು ಹೊಡೆದರಂತೆ. ಗುಡಿಗಳಲ್ಲಿ ಮಲಗಿ, ಸಂತೆಗಳಲ್ಲಿ ಚೀಲ ಹೊತ್ತು, ತಿರುಗಿದ್ದ. "ಇಲ್ಲೇ ಇದ್ದಿದ್ರೆ ಬಾವಿ ನೋಡ್ಕಂಡಿರ್ತಿದ್ದೆ ಸುಜಾತಮ್ಮ. ಅದುಕ್ಕೇ ನಡೀತಾನೇ ಇದ್ದೆ" ಎಂದ.

ಗಂಟು ಬಿಚ್ಚಿದ. ಒಂದು ಹಳೆಯ ಕೌದಿಯ ಮೂಲೆ. ಅದಕ್ಕೆ ಹೊಲಿದಿದ್ದ ಅಂಚಿನ ತುಂಡಿನಲ್ಲಿ ಸವೆದ ಜರಿಯ ಹಂಸಗಳು.

"ದೇವಮ್ಮಾ, ಇದೇನಾ?"

ಅವಳು ಕಿಟಕಿಯ ಬೆಳಕಿಗೆ ಹಿಡಿದು ಭೂತಗನ್ನಡಿ ಇಟ್ಟಳು. ಮೂವರೂ ಅವಳ ಮುಖ ನೋಡುತ್ತ ನಿಂತೆವು. ಬೆರಳು ಒಂದು ಹಕ್ಕಿಯಿಂದ ಇನ್ನೊಂದು ಹಕ್ಕಿಗೆ ಸರಿಯಿತು, ನಿಂತಿತು.

"ಅಲ್ಲಪ್ಪ. ನಮ್ಮವ್ವಂದು ಮುಂದಕ್ಕೆ ನೋಡ್ತಿತ್ತು. ಇದು ಹಿಂದಕ್ಕೆ ತಿರುಗಿ ನೋಡ್ತೈತೆ. ಬಾಯಾಗೆ ಮೊಗ್ಗೂ ಇಲ್ಲ."

ರಾಮಾಂಜಿ ಅಲ್ಲೇ ಕುಸಿದ. ಮಂಡಿ ಮಡಚಲಾರದವನು ಕಾಲು ಚಾಚಿಕೊಂಡು, ಅಂಗೈಯಲ್ಲಿ ಮುಖ ಮುಚ್ಚಿಕೊಂಡ. ಅವನಿಂದ ಹೊರಟ ಸದ್ದನ್ನು ನಾನು ಅದಕ್ಕೆ ಮೊದಲು ಕುರಿಗಳಲ್ಲಿ ಮಾತ್ರ ಕೇಳಿದ್ದೆ, ತೋಳ ಹಿಡಿದಾಗ. ಕೌದಿಯ ತುಂಡನ್ನು ಕಿತ್ತುಕೊಂಡು ಆಚೆ ಎಸೆಯಲು ಹೋದ. ದೇವಮ್ಮ ಬಿಡಲಿಲ್ಲ.

"ನಂದಲ್ಲ ಅಂದ್ರೆ ಬಿಸಾಕೋದೇನೋ? ಇದೂ ಯಾರ್ದೋ ಅವ್ವನ ಸೀರೇನೇ. ಸುಬ್ಬಮ್ಮ, ಇವನಿಗೆ ಮೊದ್ಲು ಉಣ್ಣಾಕ್ ಇಕ್ಕು."

ಅವನು ಉಣ್ಣುತ್ತಿರುವಾಗಲೇ ಅವಳು ಚೌಕದ ಕಾಗದ ಹಾಸಿಕೊಂಡು ಎಳೆ ಎಣಿಸಲು ಕೂತಳು. ತನ್ನ ಹಂಸವನ್ನು ನೆನಪಿನಿಂದ ಬರೆಯಲು ಅವಳು ಆ ಬೇಸಿಗೆಯಲ್ಲಿ ಎಷ್ಟೋ ಸಲ ಕೂತಿದ್ದಳೆಂದು, ಪ್ರತಿ ಸಲ ಕಣ್ಣಿನ ಎಳೆಗೆ ಬಂದು ನಿಂತು ಹರಿದುಹಾಕಿದ್ದಳೆಂದು ನನಗೆ ಆಮೇಲೆ ತಿಳಿಯಿತು. ಮತ್ತೆ ಅದನ್ನು ಬರೆಯಲಿಲ್ಲ.

ಮಾದರಿಗಳು ಹೊತ್ತಿಗೆ ಆಗಲಿಲ್ಲ. ಉಳಿದ ಅಂಚುಗಳಲ್ಲಿ ಒಂದೆರಡು ಸೀರೆ ನೇಯಿಸಿಕೊಂಡು ತಿಪ್ಪೇಸ್ವಾಮಿಯವರು ಇಲಾಖೆಗೆ ಹೋಗಿ ಕೈಮುಗಿದರು. ಗಡುವು ಮುಗಿದಿದೆ ಎಂದರಂತೆ. ಯಂತ್ರಗಳನ್ನು ಒಯ್ಯಲು ಲಾರಿ ಬರುವ ದಿನವೂ ಗೊತ್ತಾಯಿತು.

ಆ ದಿನ ಮೋಡ ಕವಿದಿತ್ತು. ಲಾರಿಯ ಜೊತೆ ಬಂದವರು ಇಬ್ಬರೇ, ಕೈ ಸಾಲಲಿಲ್ಲ. ಯಾರೂ ಕರೆಯದೆ ರಾಮಾಂಜಿಯೇ ಬಂದು ಸರ್ವರಿನ ಒಂದು ಬದಿ ಹಿಡಿದ. ಕೆಳಗೆ ಗೋಣಿಚೀಲ ಹಾಸಿಸಿ, ನಿಧಾನ, ನಿಧಾನ ಎನ್ನುತ್ತ ಏರಿಸಿದ. ಅದು ಲಾರಿ ಏರಿದಮೇಲೆ ತಿಪ್ಪೇಸ್ವಾಮಿಯವರು ಹತ್ತಿರ ಹೋಗಿ ಅವನ ಭುಜದ ಮೇಲೆ ಕೈಯಿಟ್ಟರು. ರಾಮಾಂಜಿ, "ಇರ್ಲಿ ಬಿಡ್ರಿ ಸರ್" ಎಂದ.

ನನ್ನ ಕೋಣೆ ಖಾಲಿಮಾಡಿ ಟ್ರಂಕನ್ನು ಜಗಲಿಯ ಮೇಲಿಟ್ಟಿದ್ದೆ. ಚಳ್ಳಕೆರೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ದೇವಮ್ಮ ಬಂದು ನನ್ನ ಪಕ್ಕ ನಿಂತು ಲಾರಿಯನ್ನು ನೋಡಿದಳು.

"ಅದರೊಳಗೆ ನಮ್ದು ಏನಾರ ಉಳಿದೈತಾ?"

"ಇಲ್ಲ ದೊಡ್ಡಮ್ಮ. ಏನೂ ಇಲ್ಲ."

"ಹಂಗಾರೆ ಹೋಗ್ಲಿ."

ಅಷ್ಟರಲ್ಲಿ ಹನಿ ಬಿತ್ತು. ದಪ್ಪ ಹನಿ. ದೇವಮ್ಮ, "ಅಯ್ಯೋ, ಅಟ್ಟೆ!" ಎಂದು ಕಿರುಚಿದಳು. ಹಿಂದಕ್ಕೆ ನೋಡುವ ಹಂಸದ ಅಟ್ಟೆಗಳನ್ನು ರಾಮಾಂಜಿ ಸುತ್ತಿಗೆ, ಉಳಿ ಹಿಡಿದು ಒಂದೊಂದಾಗಿ ಕೈಯಿಂದ ಹೊಡೆದು, ಹೊಲಿಯುವ ಮುಂಚೆ ಅವಳ ಅಂಗಳದಲ್ಲಿ ಸಾಲಾಗಿ ಹರಡಿದ್ದ. ನೆನೆದರೆ ರಟ್ಟು ಉಬ್ಬಿ ತೂತು ಮುಚ್ಚಿಕೊಳ್ಳುತ್ತದೆ. ನಾವೆಲ್ಲ ಓಡಿದೆವು. ದೇವಮ್ಮ ಸೆರಗು ಹರಡಿ ಅವುಗಳ ಮೇಲೆ ಬಗ್ಗಿದಳು, ಸುಬ್ಬಮ್ಮ ಮಡಿಲಿಗೆ ತುಂಬಿಕೊಂಡಳು, ತಿಪ್ಪೇಸ್ವಾಮಿಯವರು ಕನ್ನಡಕ ಒದ್ದೆಯಾಗಿ ಕಾಣದೆ ತಡಕಾಡಿದರು. ರಾಮಾಂಜಿ ಕಾಲು ಚಾಚಿ ನೆಲದ ಮೇಲೆ ಕೂತೇ ತೆವಳುತ್ತ, "ಸಾಲು ತಪ್ಪಿಸಬ್ಯಾಡ್ರಿ, ಸಾಲು ತಪ್ಪಿಸಬ್ಯಾಡ್ರಿ" ಎಂದು ಕೂಗುತ್ತಿದ್ದ. ನಾನು ಕೊನೆಯ ಸಾಲನ್ನು ಎದೆಗೊತ್ತಿಕೊಂಡು ಒಳಗೆ ಓಡಿದೆ.

ಲಾರಿ ಯಾವಾಗ ಹೋಯಿತೋ, ನಾವು ಯಾರೂ ನೋಡಲಿಲ್ಲ.